ಬರ್ನಾರ್ಡ್ ಷಾನ ಜೀವಿತವೂ ಆತನ ಐರ್ಲೆಂಡಿನ ನಾಟಕವೂ

ನಗುವುದು ಮನುಷ್ಯನಿಗೆ ಸಹಜವಾದ ಗುಣ. ಆದರೆ ಯಾರನ್ನು ನೋಡಿ ನಗಬೇಕು, ಎಷ್ಟು ನಗಬೇಕು, ಎಲ್ಲಿ ನಗುವನ್ನು ನಿಲ್ಲಿಸಬೇಕು ಎಂಬ ವಿವೇಕವು ಸಹಜವಾಗಿ ಬರತಕ್ಕದ್ದಲ್ಲ, ಅದನ್ನು ಕಲಿಯಬೇಕಾಗುತ್ತದೆ. ಒಂದು ದೇಶದವರು ಮತ್ತೊಂದು ದೇಶದವರನ್ನು ನೋಡಿ ನಗುವ ಸಂದರ್ಭದಲ್ಲಂತೂ ಈ ವಿವೇಕವು ಅತ್ಯಾವಶ್ಯಕವಾದುದು. ತನ್ನ ಬಾಳಿನಲ್ಲಿ ಇದನ್ನು ಬಹಳ ಕಷ್ಟದಿಂದ ಕಲಿತು, ಕಲಿತುದನ್ನು ನಾಟಕಗಳ ಮೂಲಕ ಲೋಕಕ್ಕೆ ತೋರಿಸಿದವರಲ್ಲಿ ಜಾರ್ಜ್ ಬರ್ನಾರ್ಡ್ ಷಾ ಎಂಬ ಐರಿಷ್ ಗ್ರಂಥಕರ್ತನು ಪ್ರಮುಖನು.

ಕೆಲವು ಕಾಲದ ಹಿಂದೆ ನಮ್ಮ ಶಾಲೆಯ ಮೇಲಿನ ತರಗತಿಯ ಬಾಲಿಕೆಯರೊಡನೆ ಈತನ ‘ಜಾನ್ ಬುಲ್ಸ್ ಅದರ್ ಐಲೆಂಡ್’ ಎಂಬ ನಾಟಕವನ್ನು ಓದಿದೆನು. ಜಾನ್ ಬುಲ್ ಎಂಬುದು ಇಂಗ್ಲಿಷ್ ಜನಾಂಗವನ್ನೆಲ್ಲ ಸ್ಥೂಲಕಾಯನಾದ ಒಬ್ಬ ಗೃಹಸ್ಥನಂತೆ ಭಾವಿಸಿ ಇಟ್ಟಿರುವ ಹೆಸರು. ಅವನ ಇನ್ನೊಂದು ದ್ವೀಪವೆಂದರೆ ಐರ್ಲೆಂಡು. ನಾಟಕದಲ್ಲಿ ಒಂದು ಹಂದಿಯ ಪ್ರಸಂಗವು ಬರುತ್ತದೆ. ಅದನ್ನು ಓದುವಾಗ ತರಗತಿಯೆಲ್ಲವೂ ಹೊಟ್ಟೆ ಹಿಡಿದುಕೊಂಡು ನಕ್ಕಿತು, ನಾನೂ ನಕ್ಕೆನು. ನಗು ಅಡಗಿದ ಮೇಲೆ ಒಬ್ಬ ಬಾಲಿಕೆಯು ಎದ್ದು ನಿಂತು, ಎಲ್ಲರೂ ನಗುತ್ತಿರುವಾಗ ಕೀಗನ್ ಎಂಬ ಪಾದ್ರಿಯು ಮಾತ್ರ ಏತಕ್ಕೆ ನಗುವುದಿಲ್ಲವೆಂದು ಕೇಳಿದಳು. ಆ ದಿನ ನನಗೆ ತಕ್ಕ ಉತ್ತರವು ತೋರಲಿಲ್ಲ. ಅದನ್ನು ಹುಡುಕುವುದಕ್ಕಾಗಿಯೇ ಷಾನ ಜೀವಿತವನ್ನು ಮತ್ತೊಮ್ಮೆ ಮೊದಲಿನಿಂದ ಓದಿದೆನು. ಆ ಓದಿನ ಫಲವೇ ಈ ಲೇಖನ.

ಷಾನು ಕ್ರಿ. ಶ. ೧೮೫೬ನೆಯ ಜುಲೈ ೨೬ರಂದು ಐರ್ಲೆಂಡಿನ ಡಬ್ಲಿನ್ ನಗರದಲ್ಲಿ ಹುಟ್ಟಿದನು. ತಂದೆ ಜಾರ್ಜ್ ಕಾರ್ ಷಾ ಧಾನ್ಯದ ವ್ಯಾಪಾರಿ. ತಾಯಿ ಲುಸಿಂಡಾ ಎಲಿಜಬೆತ್ ಸಂಗೀತಗಾರ್ತಿ. ಇಬ್ಬರು ಅಕ್ಕಂದಿರಾದ ಮೇಲೆ ಈತನೇ ಕಡೆಯ ಮಗು. ಬಹುಸಂಖ್ಯಾತರಾದ ರೋಮನ್ ಕ್ಯಾಥೊಲಿಕರ ನಡುವೆ ಇವರು ಪ್ರಾಟೆಸ್ಟೆಂಟರು; ದೊಡ್ಡ ಮನೆತನದ ಹೆಮ್ಮೆಯಿತ್ತು, ಆದರೆ ಅದಕ್ಕೆ ಸಾಕಷ್ಟು ಹಣವಿರಲಿಲ್ಲ. ಇವೆರಡಕ್ಕಿಂತಲೂ ಹೆಚ್ಚಾಗಿ ಆ ಮನೆಯನ್ನು ಬಾಧಿಸಿದುದು ತಂದೆಯ ಕುಡಿತ. ಈ ಚಟದಿಂದಾಗಿ ಬಂಧುಗಳು ತಮ್ಮ ಮನೆಯ ಸಮಾರಂಭಗಳಿಗೆ ಇವರನ್ನು ಕರೆಯುವುದನ್ನು ನಿಲ್ಲಿಸಿಬಿಟ್ಟರು. ಇನ್ನೂ ಚಿಕ್ಕವನಾಗಿರುವಾಗಲೇ ಬಾಲಕನಿಗೆ ತಂದೆಯ ಈ ದೌರ್ಬಲ್ಯವು ತಿಳಿದುಬಂದಿತು. ತಿಳಿದ ದಿನದಿಂದ ಅವನ ಎಳೆಯ ಮನಸ್ಸಿನ ನಂಬಿಕೆಯೊಂದು ಮುರಿಯಿತು.

ಇಂತಹ ದುಃಖವನ್ನು ಆ ಕುಟುಂಬವು ಹೇಗೆ ಸಹಿಸಿತೆಂಬುದೇ ವಿಶೇಷ. ಅತ್ತರೆ ಮುಗಿಯುವಂತಿರಲಿಲ್ಲ, ಆದುದರಿಂದ ಎಲ್ಲರೂ ಅದನ್ನು ವಿನೋದವಾಗಿ ಮಾಡಿಕೊಂಡರು. ತಂದೆಯ ಎಡವಟ್ಟುಗಳು ಮನೆಯ ಹಾಸ್ಯಕಥೆಗಳಾದವು. ಸ್ವತಃ ತಂದೆಗೂ ಗಂಭೀರವಾದ ವಿಷಯವನ್ನು ಏರಿಸಿ ಏರಿಸಿ ಕಡೆಗೆ ನಗೆಯ ಪಾತಾಳಕ್ಕೆ ಕೆಡಹುವ ಚಾತುರ್ಯವಿತ್ತು. ಮಗನಿಗೆ ಪಿತ್ರಾರ್ಜಿತವಾಗಿ ಬಂದ ಆಸ್ತಿ ಇದೊಂದೇ. ಅವನು ಜೀವಮಾನವೆಲ್ಲ ಮದ್ಯವನ್ನು ಮುಟ್ಟಲಿಲ್ಲ. ಆದರೆ ಅಳಬೇಕಾದ ಕಡೆ ನಗುವ ಅಭ್ಯಾಸವನ್ನು ಮಾತ್ರ ಬಿಡಲಿಲ್ಲ. ಆ ಅಭ್ಯಾಸದ ಬಲವೂ ಅದರ ಅಪಾಯವೂ ಅವನಿಗೆ ಬಾಲ್ಯದಲ್ಲಿಯೇ ಪರಿಚಿತವಾಗಿದ್ದುವೆಂಬುದನ್ನು ವಾಚಕರು ನೆನಪಿನಲ್ಲಿಟ್ಟುಕೊಳ್ಳಬೇಕು.

ಶಾಲೆಯ ವಿಷಯದಲ್ಲಿ ಷಾನ ಅಭಿಪ್ರಾಯವು ನಮ್ಮಂಥ ಉಪಾಧ್ಯಾಯಿನಿಯರಿಗೆ ಹಿತವಾದುದಲ್ಲ. ಡಬ್ಲಿನ್ನಿನ ವೆಸ್ಲಿಯನ್ ಶಾಲೆಯಲ್ಲಿಯೂ ಬೇರೆ ಕೆಲವು ಶಾಲೆಗಳಲ್ಲಿಯೂ ಆತನು ಓದಿದನು, ಎಲ್ಲವನ್ನೂ ದ್ವೇಷಿಸಿದನು. ಮುಂದೆ ಶಾಲೆಯನ್ನು ಸೆರೆಮನೆಗೆ ಹೋಲಿಸಿ ಬರೆದನು. ಅವನು ನಿಜವಾಗಿ ಕಲಿತುದು ಮೂರು ಕಡೆಗಳಲ್ಲಿ: ತಾಯಿಯೂ ಆಕೆಯ ಗುರುವಾದ ಲೀ ಎಂಬಾತನೂ ಹಾಡುತ್ತಿದ್ದ ಮನೆಯ ಸಂಗೀತದಲ್ಲಿ, ಐರ್ಲೆಂಡಿನ ರಾಷ್ಟ್ರೀಯ ಚಿತ್ರಶಾಲೆಯ ನಿರ್ಜನವಾದ ಅಂಗಳಗಳಲ್ಲಿ, ಡಾಲ್ಕೀ ಬೆಟ್ಟದಿಂದ ಕಾಣುವ ಕಡಲು ಮುಗಿಲುಗಳಲ್ಲಿ. ತನ್ನ ಪುಸ್ತಕವನ್ನು ಶಾಲೆಯಲ್ಲಿ ಓದಿಸುತ್ತಾರೆಂದು ತಿಳಿದರೆ ಆತನು ಸಂತೋಷಪಡುತ್ತಿರಲಿಲ್ಲವೆಂಬುದನ್ನು ಒಪ್ಪಿಕೊಂಡೇ ನಾವು ಅದನ್ನು ಓದಿದೆವು.

ಹದಿನೈದನೆಯ ವಯಸ್ಸಿನಲ್ಲಿ ಶಾಲೆಯನ್ನು ಬಿಟ್ಟು ಷಾನು ಒಂದು ಭೂವ್ಯವಹಾರದ ಕಚೇರಿಯಲ್ಲಿ ಗುಮಾಸ್ತನಾದನು. ಜಮೀನುದಾರರ ಪರವಾಗಿ ಗೇಣಿಯನ್ನು ವಸೂಲು ಮಾಡುವುದು ಅಂಥ ಕಚೇರಿಗಳ ಕೆಲಸ. ಕೆಲವೇ ಕಾಲದಲ್ಲಿ ಖಜಾಂಚಿಯ ಪದವಿಗೆ ಏರಿದನು. ಅಲ್ಲಿ ಕಂಡ ಭೂಮಿಯ ಲೆಕ್ಕಾಚಾರವು ಮುಂದೆ ಅವನ ಐರ್ಲೆಂಡಿನ ನಾಟಕದಲ್ಲಿ ಪ್ರತಿಫಲಿಸಿತು. ಇಷ್ಟರಲ್ಲಿ ೧೮೭೩ರಲ್ಲಿ ತಾಯಿಯು ಹೆಣ್ಣುಮಕ್ಕಳೊಡನೆ ಲಂಡನ್ನಿಗೆ ಹೊರಟುಹೋದಳು. ೧೮೭೬ರಲ್ಲಿ, ಇಪ್ಪತ್ತು ವರ್ಷ ತುಂಬುವುದಕ್ಕೆ ಮೊದಲೇ, ಮಗನೂ ಕೆಲಸಕ್ಕೆ ರಾಜೀನಾಮೆಯಿತ್ತು ಆಕೆಯನ್ನು ಸೇರಿಕೊಂಡನು. ಹುಟ್ಟಿದ ನಾಡಿಗೆ ಅವನು ಮರಳಿ ಕಾಲಿಟ್ಟುದು ೧೯೦೫ರಲ್ಲಿ. ನಡುವೆ ೨೯ ವರ್ಷಗಳು ಕಳೆದಿದ್ದುವು.

ಲಂಡನ್ನು ಈ ಐರಿಷ್ ಹುಡುಗನನ್ನು ಆದರದಿಂದ ಬರಮಾಡಿಕೊಳ್ಳಲಿಲ್ಲ. ಒಂದಾದ ಮೇಲೊಂದರಂತೆ ಐದು ಕಾದಂಬರಿಗಳನ್ನು ಬರೆದನು. ಪ್ರಕಾಶಕರು ಐದನ್ನೂ ಹಿಂದಿರುಗಿಸಿದರು. ಮೊದಲ ಒಂಬತ್ತು ವರ್ಷಗಳಲ್ಲಿ ಲೇಖನಿಯಿಂದ ಬಂದ ವರಮಾನವೆಲ್ಲ ಆರು ಪೌಂಡುಗಳೆಂದು ತಾನೇ ಲೆಕ್ಕ ಹೇಳಿದ್ದಾನೆ. ಆ ವರ್ಷಗಳಲ್ಲಿ ಮನೆಯನ್ನು ನಡೆಸಿದವಳು ತಾಯಿ. ಆಕೆ ಸಂಗೀತವನ್ನು ಕಲಿಸಿ ಹಣ ಸಂಪಾದಿಸುತ್ತಿದ್ದಳು. ಮುಂದೆ ನಾರ್ತ್ ಲಂಡನ್ ಕಾಲೇಜಿಯೇಟ್ ಎಂಬ ಪ್ರಸಿದ್ಧವಾದ ಬಾಲಿಕಾ ಶಾಲೆಯಲ್ಲಿ ಸಂಗೀತದ ಉಪಾಧ್ಯಾಯಿನಿಯಾದಳು. ಶಾಲೆಗಳನ್ನು ಅಷ್ಟೊಂದು ಹಳಿದ ಮಗನ ಮನೆಯಲ್ಲಿ ಶಾಲೆಯ ಸಂಬಳವೂ ಒಲೆ ಹಚ್ಚಿತೆಂಬುದನ್ನು ನಮ್ಮ ಬಾಲಿಕೆಯರು ಗಮನಿಸಿ ನಗಬಹುದು.

ಬ್ರಿಟಿಷ್ ಮ್ಯೂಸಿಯಮ್ಮಿನ ವಾಚನಾಲಯವೇ ಷಾನಿಗೆ ವಿಶ್ವವಿದ್ಯಾನಿಲಯವಾಯಿತು. ಅವನು ಸ್ವಭಾವತಃ ಅಂಜುಬುರುಕ. ಆ ಅಂಜಿಕೆಯನ್ನು ಗೆಲ್ಲುವುದಕ್ಕಾಗಿಯೇ ಸಭೆಸಭೆಗೂ ಹೋಗಿ ಎದ್ದು ಮಾತನಾಡಿ ಮಾತನಾಡಿ ಶ್ರೇಷ್ಠ ವಾಗ್ಮಿಯಾದನು. ೧೮೮೪ರಲ್ಲಿ ಫೇಬಿಯನ್ ಸಂಘವನ್ನು ಸೇರಿ, ಸಿಡ್ನಿ ವೆಬ್ ಮೊದಲಾದವರೊಡನೆ ಸಮಾಜವಾದವನ್ನು ಪ್ರಚಾರ ಮಾಡಿದನು. ಆ ಸಂಘದಲ್ಲಿ ಆಗ ಅನಿ ಬೆಸೆಂಟರೂ ಇದ್ದರು. ಆಕೆಯೇ ೧೯೧೬ರಲ್ಲಿ ನಮ್ಮ ದೇಶದಲ್ಲಿ ಹೋಂ ರೂಲ್ ಚಳವಳಿಯನ್ನು ಹೂಡಿದರು. ಹೋಂ ರೂಲ್ ಎಂಬ ಆ ಹೆಸರು ಐರ್ಲೆಂಡಿನಿಂದಲೇ ಬಂದುದು. ಇದಾದ ಮೇಲೆ ಷಾನು ಪತ್ರಿಕೆಗಳಿಗೆ ಸಂಗೀತ ವಿಮರ್ಶೆಯನ್ನೂ, ೧೮೯೫ರಿಂದ ೧೮೯೮ರ ವರೆಗೆ ನಾಟಕ ವಿಮರ್ಶೆಯನ್ನೂ ಬರೆದನು. ೧೮೯೨ರಲ್ಲಿ ಅವನ ಮೊದಲನೆಯ ನಾಟಕವು ರಂಗದ ಮೇಲೆ ಬಂದಿತು. ೧೮೯೮ರಲ್ಲಿ ಐರಿಷ್ ಮಹಿಳೆಯಾದ ಷಾರ್ಲಟ್ ಪೇನ್ ಟೌನ್ಸೆಂಡ್ ಎಂಬಾಕೆಯನ್ನು ವಿವಾಹವಾದನು.

ಈಗ ನಮ್ಮ ನಾಟಕದ ವಿಷಯಕ್ಕೆ ಬರೋಣ. ಆ ಕಾಲದ ಇಂಗ್ಲಿಷ್ ರಂಗಭೂಮಿಯಲ್ಲಿ ಐರಿಷರವನೆಂದರೆ ಒಂದು ಸಿದ್ಧವಾದ ಅಚ್ಚು: ಕುಡಿಯುವವನು, ಹರಟುವವನು, ವಿಚಿತ್ರವಾದ ಇಂಗ್ಲಿಷಿನಲ್ಲಿ ಮಾತನಾಡಿ ನಗಿಸುವವನು. ತಮ್ಮ ಆಳ್ವಿಕೆಗೆ ಒಳಗಾದ ಜನಾಂಗವನ್ನು ಕೋಡಂಗಿಯಂತೆ ನೋಡುವುದು ಆಳುವವರಿಗೆ ಬಹು ಅನುಕೂಲ. ಕೋಡಂಗಿಗೆ ಯಾರೂ ರಾಜ್ಯವನ್ನು ಒಪ್ಪಿಸುವುದಿಲ್ಲವಷ್ಟೆ! ಐರ್ಲೆಂಡಿಗೆ ಸ್ವಯಮಾಡಳಿತವನ್ನು ಕೊಡುವ ಮಸೂದೆಗಳು ೧೮೮೬ರಲ್ಲಿಯೂ ೧೮೯೩ರಲ್ಲಿಯೂ ಬಿದ್ದುಹೋಗಿದ್ದುವು. ಇಂಥ ಸಮಯದಲ್ಲಿ ಕವಿಯಾದ ಯೇಟ್ಸ್ ಡಬ್ಲಿನ್ನಿನ ರಾಷ್ಟ್ರೀಯ ರಂಗಭೂಮಿಗಾಗಿ ಒಂದು ನಾಟಕವನ್ನು ಬರೆದುಕೊಡಬೇಕೆಂದು ಷಾನನ್ನು ಕೇಳಿದನು. ೧೯೦೪ರಲ್ಲಿ ಷಾನು ಬರೆದುಕೊಟ್ಟನು. ಆದರೆ ಡಬ್ಲಿನ್ನಿನವರು ಅದನ್ನು ಆಗ ಆಡಲಿಲ್ಲ. ಅವರು ಪ್ರಾಚೀನ ಐರ್ಲೆಂಡಿನ ವೀರರನ್ನೂ ಸ್ವಪ್ನಗಳನ್ನೂ ಆದರಿಸುತ್ತಿದ್ದರು; ಷಾನು ತೋರಿಸಿದುದು ಗೇಣಿ, ಸಾಲ, ಹಂದಿ, ಚುನಾವಣೆಗಳ ಐರ್ಲೆಂಡನ್ನು. ಇಂಗ್ಲಿಷರವನ ಪಾತ್ರಕ್ಕೆ ತಕ್ಕ ನಟನು ಅವರಲ್ಲಿರಲಿಲ್ಲವೆಂಬುದೂ ಒಂದು ಕಾರಣ.

ನಾಟಕದ ಕಥೆಯು ಹೀಗಿದೆ. ಲಂಡನ್ನಿನಲ್ಲಿ ಇಬ್ಬರು ಎಂಜಿನಿಯರುಗಳು ಪಾಲುಗಾರರು: ಬ್ರಾಡ್‌ಬೆಂಟ್ ಎಂಬ ಇಂಗ್ಲಿಷರವನು, ಲ್ಯಾರಿ ಡಾಯಲ್ ಎಂಬ ಐರಿಷರವನು. ಐರ್ಲೆಂಡನ್ನು ನೋಡಬೇಕೆಂಬ ಉತ್ಸಾಹದಿಂದ ಬ್ರಾಡ್‌ಬೆಂಟ್ ಮೊದಲು ಒಬ್ಬ ಐರಿಷರವನನ್ನು ಕರೆತರುತ್ತಾನೆ. ಆತನು ಅಚ್ಚಿಗೆ ತಕ್ಕಂತೆ ಕುಡಿಯುತ್ತಾನೆ, ಹರಟುತ್ತಾನೆ, ಸಾಲ ಕೇಳುತ್ತಾನೆ, ಬ್ರಾಡ್‌ಬೆಂಟ್ ಮುಗ್ಧನಾಗುತ್ತಾನೆ. ಲ್ಯಾರಿ ಬಂದು, ಆ ಮನುಷ್ಯನು ಸ್ಕಾಟ್ಲೆಂಡಿನ ಗ್ಲಾಸ್ಗೋದಲ್ಲಿ ಹುಟ್ಟಿದವನೆಂದೂ ಐರ್ಲೆಂಡನ್ನು ಕಣ್ಣಿನಿಂದ ಕಂಡವನಲ್ಲವೆಂದೂ ಬಯಲಿಗೆಳೆಯುತ್ತಾನೆ. ಇಲ್ಲಿಂದ ನಾಟಕದ ಹಾಸ್ಯವು ತಿರುವುಮುರುವಾಗುತ್ತದೆ. ಭಾವಾವೇಶದಿಂದ ಕಣ್ಣೀರು ತುಂಬುವವನು ಇಂಗ್ಲಿಷರವನು. ಲೆಕ್ಕ ಹಾಕಿ ಕಹಿಯಾಗಿ ಮಾತನಾಡುವವನು ಐರಿಷರವನು.

ಇಬ್ಬರೂ ಲ್ಯಾರಿಯ ಹುಟ್ಟೂರಾದ ರಾಸ್ಕಲೆನ್ನಿಗೆ ಹೋಗುತ್ತಾರೆ. ಲ್ಯಾರಿ ಊರು ಬಿಟ್ಟು ೧೮ ವರ್ಷಗಳಾಗಿವೆ; ನೋರಾ ಎಂಬ ಕನ್ಯೆಯು ಅಷ್ಟು ವರ್ಷವೂ ಅವನಿಗಾಗಿ ಕಾದಿದ್ದಾಳೆ. ಅವನಿಗೆ ಆಕೆಯೊಡನೆ ಆಡಲು ಮಾತೇ ತೋಚುವುದಿಲ್ಲ. ಬ್ರಾಡ್‌ಬೆಂಟನಾದರೋ ಬಂದ ರಾತ್ರಿಯೇ ಆಕೆಗೆ ಮನಸೋಲುತ್ತಾನೆ. ಊರಿನ ರೈತರಿಗೆ ಆಗತಾನೆ ಕಾನೂನಿನ ಪ್ರಕಾರ ಜಮೀನು ಸ್ವಂತವಾಗಿದೆ. ಅವರು ಪಾರ್ಲಿಮೆಂಟಿಗೆ ಒಬ್ಬ ಪ್ರತಿನಿಧಿಯನ್ನು ಹುಡುಕುತ್ತಾ ಲ್ಯಾರಿಯನ್ನು ಕೇಳುತ್ತಾರೆ. ಅವನು ಕೂಲಿಯವರಿಗೂ ತಕ್ಕ ಸಂಬಳವನ್ನು ಕೊಡಬೇಕೆಂಬ ಸತ್ಯವನ್ನು ನುಡಿಯುತ್ತಲೇ ಅವರಿಗೆ ಬೇಡವಾಗುತ್ತಾನೆ. ಸತ್ಯವನ್ನೇ ನುಡಿಯದೆ ಸವಿಮಾತುಗಳನ್ನಾಡುವ ಬ್ರಾಡ್‌ಬೆಂಟ್ ಅವರಿಗೆ ಮೆಚ್ಚುಗೆಯಾಗುತ್ತಾನೆ.

ಹಂದಿಯ ಪ್ರಸಂಗವು ಬರುವುದು ಇಲ್ಲಿಯೇ. ಮತದಾರರ ಪ್ರೀತಿಯನ್ನು ಗಳಿಸಲು ಬ್ರಾಡ್‌ಬೆಂಟ್ ಒಬ್ಬ ರೈತನ ಹಂದಿಯನ್ನು ತನ್ನ ಮೋಟಾರು ಬಂಡಿಯಲ್ಲಿ ಒಯ್ಯಲು ಹೋಗುತ್ತಾನೆ. ಹಂದಿಯು ಬೆದರುತ್ತದೆ, ಬಂಡಿಯು ಹಿಡಿತ ತಪ್ಪಿ ಸಂತೆಯೊಳಕ್ಕೆ ನುಗ್ಗುತ್ತದೆ, ಪಿಂಗಾಣಿಯ ಅಂಗಡಿ ಪುಡಿಯಾಗುತ್ತದೆ, ಹಂದಿಯು ಸಾಯುತ್ತದೆ. ಊರಿನವರು ಈ ಕಥೆಯನ್ನು ಹೇಳಿಕೊಂಡು ಹೇಳಿಕೊಂಡು ಉರುಳಾಡಿ ನಗುತ್ತಾರೆ. ತಾವು ಈ ಪರದೇಶಿಯನ್ನು ಪೆದ್ದನನ್ನಾಗಿ ಮಾಡಿದೆವೆಂದು ಅವರ ಎಣಿಕೆ. ಆದರೆ ಮಾರನೆಯ ಲೆಕ್ಕದಲ್ಲಿ ಗೆದ್ದವರಾರು? ಪೆದ್ದನೇ ಪಾರ್ಲಿಮೆಂಟಿನ ಉಮೇದುವಾರನಾಗುತ್ತಾನೆ. ನೋರಾಳ ಕೈಹಿಡಿಯುವವನೂ ಅವನೇ. ಹೋಟೆಲನ್ನೂ ಗಾಲ್ಫ್ ಮೈದಾನವನ್ನೂ ಕಟ್ಟುವುದಕ್ಕಾಗಿ ಅವನ ಕಂಪೆನಿಯು ಸಾಲಗಳ ಮೂಲಕ ಆ ರೈತರ ಜಮೀನುಗಳನ್ನೇ ನುಂಗಲು ಹೊರಡುತ್ತದೆ. ಅವರು ನಗುತ್ತಿದ್ದಾಗಲೇ ಊರು ಅವರ ಕೈತಪ್ಪಿತು.

ಇದನ್ನು ಕಂಡವನು ಕೀಗನ್ ಒಬ್ಬನೇ. ಆತನು ಅಧಿಕಾರವನ್ನು ಕಳೆದುಕೊಂಡ ಪಾದ್ರಿ, ಮಿಡತೆಯೊಡನೆಯೂ ಮಾತನಾಡುವವನು, ಊರಿನವರ ದೃಷ್ಟಿಯಲ್ಲಿ ಹುಚ್ಚ. ಈ ಹುಚ್ಚಿಗೆ ಮೂಲವು ನಮ್ಮ ದೇಶದವನೊಬ್ಬನೆಂಬುದು ನಮ್ಮನ್ನು ಬೆರಗುಗೊಳಿಸುತ್ತದೆ. ಹಿಂದೊಮ್ಮೆ ಕೀಗನ್ ಸಾಯುತ್ತಿದ್ದ ಒಬ್ಬ ವೃದ್ಧ ಹಿಂದುವಿನ ಬಳಿಗೆ ಹೋಗಿದ್ದನು. ಬೇರೆ ಯಾರೂ ಅವನ ಹತ್ತಿರಕ್ಕೆ ಹೋಗಲು ಧೈರ್ಯಪಟ್ಟಿರಲಿಲ್ಲ. ಆ ವೃದ್ಧನು ತನಗೆ ಒದಗಿದ ಕಷ್ಟಗಳೆಲ್ಲವೂ ಪೂರ್ವಜನ್ಮದ ಪಾಪದ ಫಲವೆಂದು ತಿಳಿದು, ಗೊಣಗದೆ ಶಾಂತವಾಗಿ ಪ್ರಾಣಬಿಟ್ಟನು. ಸಮಾಧಾನ ಹೇಳಲು ಹೋದ ಪಾದ್ರಿಯೇ ಶಿಷ್ಯನಾಗಿ ಹಿಂದಿರುಗಿದನು. ಇಂಥವನಿಗೆ ಹಂದಿಯ ಕಥೆಯಲ್ಲಿ ಕಂಡುದು ನಗೆಯಲ್ಲ. ಒಂದು ಪ್ರಾಣಿಯ ಭೀತಿ, ಬಡವರ ನಷ್ಟ, ಇತರರ ಸಂಕಟದಲ್ಲಿ ಸುಖಪಡುವ ಮನುಷ್ಯರ ಕ್ರೂರತೆ. ಕಡೆಯಲ್ಲಿ ಅವನು ಬ್ರಾಡ್‌ಬೆಂಟನ ಲೆಕ್ಕಾಚಾರಕ್ಕೆದುರಾಗಿ ತನ್ನ ಸ್ವಪ್ನವನ್ನು ಹೇಳಿ ಬೆಟ್ಟದ ಕಡೆಗೆ ಹೊರಟುಹೋಗುತ್ತಾನೆ.

೧೯೦೪ನೆಯ ನವೆಂಬರ್ ೧ರಂದು ಈ ನಾಟಕವನ್ನು ಲಂಡನ್ನಿನ ಕೋರ್ಟ್ ಥಿಯೇಟರಿನಲ್ಲಿ ಆಡಿದರು. ಪ್ರಧಾನಮಂತ್ರಿಯಾಗಿದ್ದ ಬಾಲ್ಫರ್ ಪುನಃ ಪುನಃ ಬಂದು ನೋಡಿದನು. ಪ್ರತಿಪಕ್ಷದ ಮುಖಂಡರನ್ನೂ ಕರೆತಂದನು. ೧೯೦೫ರಲ್ಲಿ ದೊರೆ ಏಳನೆಯ ಎಡ್ವರ್ಡನಿಗಾಗಿ ವಿಶೇಷ ಪ್ರದರ್ಶನವು ನಡೆಯಿತು. ಆತನು ನಕ್ಕ ರಭಸಕ್ಕೆ ಕುಳಿತ ಕುರ್ಚಿಯೇ ಮುರಿಯಿತೆಂದು ಹೇಳುತ್ತಾರೆ. ಇದರಿಂದ ಷಾನು ಒಂದೇ ಸಲಕ್ಕೆ ಪ್ರಖ್ಯಾತನಾದನು. ಆದರೆ ವಿಚಾರಮಾಡಿ ನೋಡಿ. ತಮ್ಮನ್ನೇ ಹಾಸ್ಯಮಾಡಿದ ನಾಟಕವನ್ನು ಆಳುವವರು ನಕ್ಕು ಮೆಚ್ಚಿದರು. ಮೆಚ್ಚಿದ ಮೇಲೆ ಐರ್ಲೆಂಡನ್ನು ಮೊದಲಿನಂತೆಯೇ ಆಳಿದರು. ರಾಸ್ಕಲೆನ್ನಿನ ರೈತರಂತೆ ಅವರೂ ನಗುವಿನಲ್ಲಿಯೇ ಪಾಠವನ್ನು ಕರಗಿಸಿಬಿಟ್ಟರು. ನಗಿಸಿ ಸತ್ಯವನ್ನು ನುಂಗಿಸುವೆನೆಂದು ಹೊರಟ ಷಾನಿಗೆ, ಜನರು ಸಿಹಿಯನ್ನು ಚಪ್ಪರಿಸಿ ಮಾತ್ರೆಯನ್ನು ಉಗುಳುತ್ತಾರೆಂಬುದು ಅರ್ಥವಾಗಿರಬೇಕು. ೧೯೦೭ರಲ್ಲಿ ನಾಟಕವನ್ನು ಅಚ್ಚುಹಾಕಿಸುವಾಗ ರಾಜಕಾರಣಿಗಳಿಗಾಗಿ ಒಂದು ದೀರ್ಘವಾದ ಮುನ್ನುಡಿಯನ್ನು ಸೇರಿಸಿದನು. ಅದರಲ್ಲಿ ಹಾಸ್ಯಕ್ಕಿಂತ ಕೋಪವೇ ಹೆಚ್ಚು. ಪರರ ಆಳ್ವಿಕೆಗೆ ಒಳಗಾದ ಜನಾಂಗವು ಮೂಳೆ ಮುರಿದ ರೋಗಿಯಂತೆ ತನ್ನ ನೋವನ್ನಲ್ಲದೆ ಬೇರೊಂದನ್ನು ಚಿಂತಿಸಲಾರದೆಂದು ವಾದಿಸಿದನು. ೧೯೦೬ರಲ್ಲಿ ಈಜಿಪ್ಟಿನ ಡೆನ್ಷವಾಯ್ ಎಂಬ ಹಳ್ಳಿಯಲ್ಲಿ ಬ್ರಿಟಿಷ್ ಅಧಿಕಾರಿಗಳು ಪಾರಿವಾಳಗಳ ಬೇಟೆಯಾಡಿದುದರಿಂದ ಜಗಳವಾಗಿ, ನಾಲ್ವರು ಹಳ್ಳಿಗರನ್ನು ಗಲ್ಲಿಗೇರಿಸಿದ್ದರು; ಆ ಅನ್ಯಾಯವನ್ನು ವಿವರವಾಗಿ ಬಯಲುಮಾಡಿದನು. ಅಲ್ಲಿ ಲೇಖನಿಯನ್ನು ಹಿಡಿದವನು ಬ್ರಾಡ್‌ಬೆಂಟನ ಸೃಷ್ಟಿಕರ್ತನಲ್ಲ, ಕೀಗನ್ನನೇ ಎಂದು ತೋರುತ್ತದೆ.

ಷಾನ ಉಳಿದ ಜೀವಿತವನ್ನು ಸಂಕ್ಷೇಪವಾಗಿ ಹೇಳಬಹುದು. ೧೯೧೩ರಲ್ಲಿ ‘ಪಿಗ್ಮೇಲಿಯನ್’, ೧೯೨೩ರಲ್ಲಿ ‘ಸೇಂಟ್ ಜೋನ್’ ರಂಗಕ್ಕೆ ಬಂದುವು. ೧೯೧೬ರಲ್ಲಿ ಡಬ್ಲಿನ್ನಿನಲ್ಲಿ ದಂಗೆಯಾಗಿ ಅದರ ಮುಖಂಡರನ್ನು ಕೊಲ್ಲಿಸಿದಾಗ, ಯುದ್ಧಕಾಲದ ಲಂಡನ್ನಿನಲ್ಲಿದ್ದುಕೊಂಡೇ ಬಹಿರಂಗವಾಗಿ ಪ್ರತಿಭಟಿಸಿದನು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಡಬ್ಲಿನ್ನಿನ ಆಬಿ ಥಿಯೇಟರು ಕಡೆಗೂ ಅವನ ಐರ್ಲೆಂಡಿನ ನಾಟಕವನ್ನು ಆಡಿತು. ೧೯೨೫ನೆಯ ವರ್ಷದ ನೊಬೆಲ್ ಪಾರಿತೋಷಕವು ಅವನಿಗೆ ಬಂದಿತು. ಆ ಹಣವನ್ನು ಸ್ವೀಡಿಷ್ ಸಾಹಿತ್ಯವನ್ನು ಇಂಗ್ಲಿಷಿಗೆ ತರುವ ಕಾರ್ಯಕ್ಕೆ ಬಿಟ್ಟುಕೊಟ್ಟನು. ೧೯೩೧ರಲ್ಲಿ ಲಂಡನ್ನಿನಲ್ಲಿ ಮಹಾತ್ಮ ಗಾಂಧಿಯವರನ್ನು ಕಂಡನು. ೧೯೩೩ನೆಯ ಜನವರಿಯಲ್ಲಿ ಹಡಗಿನಲ್ಲಿ ಮುಂಬಯಿಗೆ ಬಂದಾಗ ಜೈನ ಮಂದಿರವನ್ನು ನೋಡಿದನು. ಗಾಂಧಿಯವರು ಆಗ ಯರವಡಾ ಸೆರೆಮನೆಯಲ್ಲಿದ್ದರು.

ಆತನಲ್ಲಿ ದೋಷಗಳಿದ್ದುವು, ಮರೆಮಾಚುವುದು ಸರಿಯಲ್ಲ. ೧೯೩೦ರ ದಶಕದಲ್ಲಿ ಮುಸ್ಸೋಲಿನಿ, ಸ್ಟಾಲಿನ್ ಮೊದಲಾದ ನಿರಂಕುಶರನ್ನು ಹೊಗಳಿದನು. ಅವರ ಕೈಕೆಳಗೆ ನರಳಿದವರ ಗೋಳನ್ನು ಕೇಳಲಿಲ್ಲ. ಗಂಭೀರವಾದುದನ್ನು ಚಮತ್ಕಾರದ ಮಾತಿನಿಂದ ತಳ್ಳಿಹಾಕುವ ಮನೆಯ ಹಳೆಯ ಅಭ್ಯಾಸವು ಅಲ್ಲಿ ಅವನನ್ನು ಕೆಡಿಸಿತು. ಕೀಗನ್ನನನ್ನು ಸೃಷ್ಟಿಸಿದವನೇ ಕೀಗನ್ನನನ್ನು ಮರೆತನು. ಪತ್ನಿಯು ೧೯೪೩ರಲ್ಲಿ ತೀರಿಕೊಂಡಳು. ೧೯೪೬ರಲ್ಲಿ ಡಬ್ಲಿನ್ ನಗರವು ಆತನಿಗೆ ಗೌರವ ಪೌರತ್ವವನ್ನು ಕೊಟ್ಟಿತು. ೧೯೫೦ರಲ್ಲಿ ತೋಟದ ಮರವನ್ನು ಸವರುವಾಗ ಬಿದ್ದು, ನವೆಂಬರ್ ೨ರಂದು, ೯೪ನೆಯ ವಯಸ್ಸಿನಲ್ಲಿ, ಏಯಟ್ ಸೇಂಟ್ ಲಾರೆನ್ಸ್ ಎಂಬ ಗ್ರಾಮದಲ್ಲಿ ಪ್ರಾಣಬಿಟ್ಟನು. ಬಾಲ್ಯದಲ್ಲಿ ಒಬ್ಬಂಟಿಯಾಗಿ ಅಲೆದಾಡಿದ್ದ ಡಬ್ಲಿನ್ನಿನ ಚಿತ್ರಶಾಲೆಗೆ ತನ್ನ ಆಸ್ತಿಯ ಒಂದು ಪಾಲನ್ನು ಬರೆದಿಟ್ಟಿದ್ದನು. ಅಷ್ಟು ಹಾಸ್ಯಮಾಡಿದ ತವರನ್ನು ಆತನು ಒಳಗೊಳಗೆ ಎಂದೂ ಬಿಟ್ಟಿರಲಿಲ್ಲ.

ನನ್ನ ಬಾಲಿಕೆಯರೇ, ಈಗ ನಿಮ್ಮ ಸಹಪಾಠಿಯ ಪ್ರಶ್ನೆಗೆ ಉತ್ತರ ಹೇಳಬಲ್ಲೆನು. ಉಪಾಧ್ಯಾಯಿನಿಯ ತರಬೇತಿಗಾಗಿ ಪರಸ್ಥಳದಲ್ಲಿದ್ದಾಗ, ನನ್ನ ಇಂಗ್ಲಿಷ್ ಉಚ್ಚಾರಣೆಯನ್ನು ಕೆಲವರು ಅಣಕಿಸಿ ನಗುತ್ತಿದ್ದರು. ನೋವಾಗುತ್ತಿದ್ದರೂ ನಾನೂ ಅವರೊಡನೆ ನಗುತ್ತಿದ್ದೆನು. ಅದೇ ಜಾಣತನವೆಂದು ತಿಳಿದಿದ್ದೆನು. ಕೆಲವು ದಿನಗಳಲ್ಲಿಯೇ ನನಗಿಂತಲೂ ಹಿಂದೆ ಬಿದ್ದ ಹಳ್ಳಿಯ ಹುಡುಗಿಯೊಬ್ಬಳನ್ನು ಅಣಕಿಸಿ ಇತರರನ್ನು ನಗಿಸಿದೆನು. ಆಕೆ ನಗಲಿಲ್ಲ. ಆಕೆಯ ಮುಖವು ನನಗೆ ಈಗಲೂ ಕಾಣುತ್ತದೆ. ನೋವನ್ನು ನಗುವಿನಿಂದ ಮುಚ್ಚಿಕೊಂಡವರು ಅದನ್ನು ಮತ್ತೊಬ್ಬರಿಗೆ ದಾಟಿಸದೆ ಬಿಡುವುದು ಅಪರೂಪ. ಅದು ತಿಳಿದವನಾದುದರಿಂದಲೇ ಕೀಗನ್ ಸುಮ್ಮನಿರುತ್ತಾನೆ.

ಆದುದರಿಂದ ನಗಬೇಡಿರೆಂದು ನಾನು ಹೇಳುವುದಿಲ್ಲ. ನಗದ ಶಾಲೆಯು ಷಾನು ಹೇಳಿದ ಸೆರೆಮನೆಯೇ ಸರಿ. ನಿಮ್ಮ ತಪ್ಪುಗಳನ್ನು ನೋಡಿ ನಗಿರಿ, ದೊಡ್ಡವರ ಡಂಭವನ್ನು ನೋಡಿ ನಗಿರಿ, ನಿಮ್ಮ ದೇಶದ ಕುಂದನ್ನು ತಿದ್ದುವುದಕ್ಕಾಗಿ ನಗಿರಿ. ಆದರೆ ಎಲ್ಲರೂ ನಗುತ್ತಿರುವಾಗ ಒಂದು ಕ್ಷಣ ನಿಂತು, ಈ ಕಥೆಯಲ್ಲಿ ಹಂದಿಯು ಯಾರು, ಪಿಂಗಾಣಿಯ ಅಂಗಡಿಯು ಯಾರದು ಎಂದು ವಿಚಾರಿಸಿರಿ. ಅಂದು ಎದ್ದು ನಿಂತು ಕೇಳಿದ ಆ ಬಾಲಿಕೆಯು ತರಗತಿಯ ನಗುವನ್ನು ಕೆಡಿಸಲಿಲ್ಲ. ನಾನು ಆ ನಾಟಕವನ್ನು ಕಲಿಸಿದುದನ್ನು ಸಾರ್ಥಕಗೊಳಿಸಿದಳು.

— ಮುಖ್ಯೋಪಾಧ್ಯಾಯಿನಿ